ಕಡಲ ತೋಳಿನ ದಡದಲ್ಲಿ
ದುಬೈಯನ್ನು ಬರ್ ದುಬೈ, ದೇರಾ ಎಂದು ಇಬ್ಭಾಗ ಮಾಡಿರುವುದು ಊರೊಳಗೆ ನುಗ್ಗಿದ ಕಡಲ ತೋಳು. ಒಂದು ದಿರಾಮ್ ಕೊಟ್ಟರೆ ಮರದ 'ಅಬ್ರಾ' ದೋಣಿ ಆಚೆ ದಡ ಮುಟ್ಟಿಸುತ್ತದೆ. ಸಂಬಳವಾದೊಡನೆ ಇಲ್ಲಿನ ಹಣ ವಿನಿಮಯ ಅಂಗಡಿಗಳ ಮುಂದೆ ಸಾಲು. ಮೊಬೈಲಿನಲ್ಲೇ ಹಣ ಕಳಿಸುವವರು ಹೆಚ್ಚಿದರೂ ಆ ಸಾಲು ಕರಗಿಲ್ಲ. ಮಂಗಳೂರು, ಭಟ್ಕಳದವರೂ ಅದರಲ್ಲಿದ್ದಾರೆ. ಎಲ್ಲರ ಕಣ್ಣೂ ಫಲಕದಲ್ಲಿನ ರೂಪಾಯಿ ದರದ ಮೇಲೆ.

ಒಂದು ಕಾಲಕ್ಕೆ ಇಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ! 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಪ್ರತ್ಯೇಕ ನೋಟು ಹೊರಡಿಸಿತ್ತು. 1966ರ ಅಪಮೌಲ್ಯದ ಬಳಿಕ ದುಬೈ ಅದನ್ನು ಕೈಬಿಟ್ಟಿತು. ಈಗಿನ ದಿರಾಮ್ ಬೆಲೆ ಡಾಲರಿಗೆ ಕಟ್ಟಿದ್ದು. ರೂಪಾಯಿ ಕುಸಿದಷ್ಟೂ ಊರಿಗೆ ಹೆಚ್ಚು ರೂಪಾಯಿ ಸಿಗುತ್ತದೆ.

ಆದರೆ ಒಳ್ಳೆಯ ದರಕ್ಕಾಗಿ ಕಾಯುತ್ತ ಕುಳಿತರೆ ಕಾಲೇಜು ಶುಲ್ಕದ ಕೊನೆಯ ದಿನ ಕಾಯುತ್ತದೆಯೇ? ರಸೀದಿ ಮಡಚಿ ಜೇಬಿಗಿಟ್ಟು ಫೋನ್ ಹಚ್ಚುವ ಅಪ್ಪನ ಮೊದಲ ಮಾತು: "ದುಡ್ಡು ಬಂತಾ ಮಗಾ? ಇವತ್ತೇ ಫೀಸು ಕಟ್ಟಿಬಿಡು."