ತಿತಿಮತಿಯ ಚಾಡಿಕೋರ ಪ್ಲಗ್ಗು

ಹುಣಸೂರಿನಿಂದ ಗೋಣಿಕೊಪ್ಪಲಿನ ದಾರಿ ಹಿಡಿದು, ಆನೆಚೌಕೂರು, ಮತ್ತಿಗೋಡಿನ ಆನೆ ಶಿಬಿರ ದಾಟಿದರೆ ತಿತಿಮತಿ. ಅಲ್ಲಿ ಕಾಫಿ ತೋಟದ ನಡುವೆ ನಮ್ಮ ದೊಡ್ಡಮ್ಮ ಒಬ್ಬರೇ ಇದ್ದಾರೆ. ಅವರ ಗೀಸರಿಗೆ ಮೈಸೂರಿನ ಅಣ್ಣ ಸ್ಮಾರ್ಟ್ ಪ್ಲಗ್ ಹಾಕಿಸಿದ್ದಾನೆ.

“ಇದೊಂದು ಚಾಡಿಕೋರ, ನೋಡು” ಎಂದರು ದೊಡ್ಡಮ್ಮ.

ಮಾತು ನಿಜವೇ. ಒಳಗಿನ ಪುಟ್ಟ ಚಿಪ್ ವೋಲ್ಟೇಜನ್ನೂ ಹರಿಯುವ ಕರೆಂಟನ್ನೂ ಅಳೆದು, ಎಷ್ಟು ವ್ಯಾಟ್ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕ ವೈಫೈ ಮೂಲಕ ರೌಟರಿಗೆ, ಅಲ್ಲಿಂದ ಪ್ಲಗ್ ಕಂಪನಿಯ ಸರ್ವರಿಗೆ, ಕೊನೆಗೆ ಅಣ್ಣನ ಮೊಬೈಲಿಗೆ! 2000 ವ್ಯಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಮಕ್ಕಳೇ, 230 ವೋಲ್ಟಿನ ಬದಲು 200 ಬಂದರೆ ಅದೇ ಗೀಸರು ಎಳೆಯುವುದು ಸುಮಾರು 1500 ವ್ಯಾಟ್ ಮಾತ್ರ. ನೀರು ಕಾಯಲು ತಡವಾಗುವುದು ಅದಕ್ಕೇ.

ಅಣ್ಣನಿಗೆ ಬೇಕಾದದ್ದು ಬಿಲ್ಲಿನ ಲೆಕ್ಕವಲ್ಲ. ಬೆಳಿಗ್ಗೆ ಆರಕ್ಕೆ ವ್ಯಾಟ್ ಏರಿತೆಂದರೆ ಅಮ್ಮ ಎದ್ದರು ಎಂದು ಸಮಾಧಾನ. ಮಳೆಗಾಲದಲ್ಲಿ ಕರೆಂಟ್ ಹೋದರೆ ಪ್ಲಗ್ಗೂ ರೌಟರೂ ಒಟ್ಟಿಗೇ ಮೌನ, ಅವನಿಗೆ ಗಾಬರಿ. ಆಗ ನೆರವಿಗೆ ಬರುವುದು ಹಜಾರದ ಹಳೇ ತಂತಿ ಫೋನು. ಅದಕ್ಕೆ ಬೇಕಾದ ಕರೆಂಟು ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತದಲ್ಲ! ಅಂಥ ದಿನ ದೊಡ್ಡಮ್ಮನಿಗೆ ತಣ್ಣೀರ ಸ್ನಾನ, ಮಗನ ಜೊತೆ ಅರ್ಧ ಗಂಟೆ ಮಾತು.