ಹುಳುವಿನ ಜ್ವರ

ಕಾವ್ಯಪಾಠವೇ ನನ್ನ ವೃತ್ತಿ. ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದ ಒಂದು ತಿಂಗಳು ಮಾತ್ರ ಪ್ರಾಣಿಪ್ರಪಂಚದ ಪಾಠವು ನನ್ನ ಪಾಲಿಗೆ ಬಂದಿತು. ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಸಾಕುವ ಮನೆಗಳಿರಲು, ಪುಸ್ತಕದ ಚಿತ್ರವೇಕೆಂದು ಬಗೆದು, ಒಂದು ಬಿದಿರುತಟ್ಟೆಯಷ್ಟು ಚಾಕಿ ಹುಳುಗಳನ್ನು ತರಗತಿಗೇ ತರಿಸಿದೆನು. ಮಕ್ಕಳು ಸರದಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಹಾಕಿ, ದಿನವೂ ಹುಳುವಿನ ಉದ್ದವನ್ನು ಅಳೆದು ಬರೆಯತೊಡಗಿದರು.

ಒಂದು ಬೆಳಗ್ಗೆ ಹುಳುಗಳೆಲ್ಲ ತಲೆಯೆತ್ತಿ ನಿಶ್ಚಲವಾಗಿದ್ದುವು, ಸೊಪ್ಪನ್ನು ಮುಟ್ಟಲೊಲ್ಲವು. ಸತ್ತುವೆಂದೇ ತಿಳಿದು ಎಸೆಯಹೇಳಿದೆನು. ಒಂದು ಪದ್ಯವನ್ನೂ ಒಪ್ಪಿಸಲಾರನೆಂದು ನಾನು ನಿತ್ಯವೂ ಗದರುತ್ತಿದ್ದ ಕೊನೆಯ ಸಾಲಿನ ಹುಡುಗನು ತಟ್ಟೆಗೆ ಕೈಯನ್ನು ಅಡ್ಡವಿಟ್ಟು, “ಬ್ಯಾಡ ಸಾರ್, ಜ್ವರಕ್ಕೆ ಕೂತವೆ. ನಾಳೆ ಚರ್ಮ ಬಿಟ್ಟು ಏಳ್ತವೆ” ಎಂದನು. ಮರುದಿನ ಹಾಗೆಯೇ ಆಯಿತು. ಗೂಡು ಕಟ್ಟುವ ಮುನ್ನ ಇಂಥ ಜ್ವರಗಳು 4; ಮೊಟ್ಟೆಯೊಡೆದು ಬಂದಾಗಿನ ತೂಕವು ಕೊನೆಗೆ ಸುಮಾರು 10,000 ಪಟ್ಟಾಗುತ್ತದೆ. ಪೊರೆ ಕಳಚುವುದಕ್ಕೆ ‘ಜ್ವರ’ವೆಂಬ ಮಾತುಂಟೆಂದು ನಾನು ಯಾವ ಗುರುಗಳಿಂದಲೂ ಕೇಳಿರಲಿಲ್ಲ.

ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ದಿನ ಆ ಹುಡುಗನೇ ಪಾಠ ಹೇಳಿದನು. ನಾನು ಅವನ ಬೆಂಚಿನಲ್ಲಿ ಕುಳಿತೆನು. ಪದ್ಯ ಮಾತ್ರ ವರ್ಷದ ಕಡೆಯವರೆಗೂ ಅವನ ಬಾಯಿಗೆ ಬರಲಿಲ್ಲ, ನಾನೂ ಗದರಲಿಲ್ಲ.