ಬಾಗಿಲ ಬಳಿಯ ಕಪಾಟು

ಶಾಸನಗಳ ವಿಚಾರವೂ ವಚನಗಳ ವಿಚಾರವೂ ಬರತಕ್ಕ ಈ ಪುಟಗಳಲ್ಲಿ ಮನೆಯ ಬಾಗಿಲ ಬಳಿಯ ಒಂದು ಬಟ್ಟೆಯ ಕಪಾಟಿನ ಸಂಗತಿಯನ್ನು ತರುವದು ವಾಚಕರಿಗೆ ಅತಿಪ್ರಸಂಗವೆಂದು ತೋರಬಹುದು. ಆದರೆ ಕಳೆದ ದೀಪಾವಳಿಯ ಮುಂಚಿನ ಎರಡು ದಿನಗಳನ್ನು ನಾನು ಆ ಕಪಾಟಿನ ಮುಂದೆಯೇ ಕಳೆದೆನು. ಇಪ್ಪತ್ತು ವರ್ಷಗಳಿಂದ ನನ್ನ ಕೈಯಿಂದಲೇ ಆಗುತ್ತ ಬಂದಿದ್ದ ಒಂದು ಹಾನಿಯು ಆಗ ನನಗೆ ತಿಳಿಯಿತು. ಅದನ್ನು ಒಬ್ಬರಿಗಾದರೂ ಹೇಳದೆ ಇರಲಾರೆನಾದುದರಿಂದ ಈ ಬರೆಹ.

ಕಪಾಟಿನ ಮಾತಿಗಿಂತ ಮೊದಲು ಗೂಟದ ಮಾತನ್ನು ಹೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳೆಯ ಮನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕಿಡಿಕಿಗಳು ವಿರಳ. ಬೆಳಕು ಇಳಿಯುವದು ಮಾಳಿಗೆಯ ಬೆಳಕಿಂಡಿಯಿಂದ. ಬಟ್ಟೆಗಾಗಿ ಕಪಾಟೆಂಬ ವಸ್ತುವು ಅಂಥ ಮನೆಯಲ್ಲಿ ಇದ್ದಿಲ್ಲ. ಹಬ್ಬಹುಣ್ಣಿವೆಯ ಬಟ್ಟೆ ಟ್ರಂಕಿನಲ್ಲಿ. ಮನೆಯೊಳಗೆ ಉಡುವದು ಗಳದ ಮೇಲೆ. ಹೊರಗೆ ಹೋಗುವಾಗ ತೊಟ್ಟು, ಬಂದೊಡನೆ ತೆಗೆಯುವದು ಪಡಸಾಲೆಯ ಗೂಟಕ್ಕೆ. ಗೋಡೆಯನ್ನು ಕಟ್ಟುವಾಗಲೇ ಕಲ್ಲಿನ ಸಂದಿಯಲ್ಲಿ ಈ ಗೂಟಗಳನ್ನು ಕೂಡಿಸುತ್ತಿದ್ದರು. ಉಳ್ಳವರ ಮನೆಯಲ್ಲಿ ಬಡಿಗನು ಕೆತ್ತಿದ ಗಿಳಿಗೂಟಗಳು. ನಮ್ಮಂಥವರಲ್ಲಿ ಜಾಲಿಯ ಮರದ ಬರಿಯ ಗೂಟಗಳು. ಜಾಲಿಯು ನಮ್ಮ ಕರಿಯ ನೆಲದ ಬದುವಿನಲ್ಲಿ ತಾನೇ ಬೆಳೆಯುವದು. ಅದಕ್ಕೆ ಅಂದವಿಲ್ಲ, ಆದರೆ ಎತ್ತಿನ ಬಾಳೆಲ್ಲ ನೊಗ ಎಳೆದರೂ ಅದು ಮುರಿಯುವದು ಅಪರೂಪ.

ನಮ್ಮ ಪಡಸಾಲೆಯಲ್ಲಿ ಏಳು ಗೂಟಗಳಿದ್ದವು. ಬಾಗಿಲಿಗೆ ಸಮೀಪದ ಮೊದಲನೆಯದಕ್ಕೆ ತಂದೆಯವರ ಕೋಟು, ಅದರ ಮೇಲೆ ರುಮಾಲು. ಎರಡನೆಯದು ಕಾಕಾನದು. ಮೂರನೆಯದಕ್ಕೆ ಕಂಬಳಿ. ಅದು ಒಬ್ಬರದೆಂದಿಲ್ಲ, ಹೊಲಕ್ಕೆ ವಸ್ತಿಗೆ ಹೋಗುವವನು ಯಾವನೋ ಅವನದು. ನಾಲ್ಕು, ಐದು, ಆರು ನಮ್ಮ ಹುಡುಗರ ಪಾಲಿಗೆ. ಅದರ ಸಲುವಾಗಿ ನಡೆದ ಜಗಳಗಳನ್ನು ಬಿಟ್ಟುಬಿಡುತ್ತೇನೆ. ಏಳನೆಯದು ಬರಿದಾಗಿರುತ್ತಿತ್ತು. ಅದು ಬಂದವರ ಗೂಟ. ಇಂಡಿಯ ಕಡೆಯ ಬೀಗರು ಬಂದರೆ ಅದಕ್ಕೆ ರುಮಾಲಿನ ಸಂಗಡ ನಿಂಬೆಹಣ್ಣಿನ ಚೀಲವೂ ತೂಗುತ್ತಿತ್ತು. ಶ್ರಾವಣದಲ್ಲಿ ಬಾಗೇವಾಡಿಯ ಬಸವಣ್ಣನ ಜಾತ್ರೆಗೆಂದು ಸಿಂದಗಿಯಿಂದ ಬಂದವರ ಶಲ್ಯಗಳು ಒಂದರ ಮೇಲೊಂದು ಬಿದ್ದು ಆ ಒಂದು ಗೂಟವು ಮದುವೆಯ ಎತ್ತಿನ ಕೋಡಿನಂತೆ ಕಾಣುತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ಕೂತರೆ ನೇರವಾಗಿ ಕಾಣುವದು ಆ ಏಳನೆಯ ಗೂಟವೇ. ನಮ್ಮ ಅವ್ವ ಒಲೆಯ ಮುಂದಿನಿಂದ ಏಳದೆ, ಯಾರು ಬಂದರೆಂದು ಕೇಳದೆ, ಗೂಟವನ್ನೊಮ್ಮೆ ನೋಡಿ ಇನ್ನು ನಾಲ್ಕು ರೊಟ್ಟಿಯ ಹಿಟ್ಟು ನಾದಿಕೊಳ್ಳುತ್ತಿದ್ದಳು.

ಇನ್ನು ಕೋಟು. ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿಯ ಮೇಲೆ ಬಿಸಿಲು ಕಾಯುವ ಈ ಸೀಮೆಯಲ್ಲಿ ಉಣ್ಣೆಯ ಕೋಟೇಕೆಂದು ಇಂದಿನವರು ಕೇಳುವದು ಸಹಜ. ಅದು ಮುಂಬಯಿ ಇಲಾಖೆಯ ಕಾಲದ ರೂಢಿ. ವಕೀಲರು, ಮಾಸ್ತರರು, ಕಚೇರಿಯವರು ಧೋತರವನ್ನುಟ್ಟು ಮೇಲೆ ಕೋಟು ತೊಟ್ಟು ತಲೆಗೆ ರುಮಾಲು ಸುತ್ತಿದರೆಂದರೆ ಸಭೆಗೆ ಸಿದ್ಧರಾದಂತೆ. ವಿಜಾಪುರದಲ್ಲಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದ ಫ. ಗು. ಹಳಕಟ್ಟಿಯವರ ಭಾವಚಿತ್ರವನ್ನು ನಮ್ಮಲ್ಲಿ ನೋಡದವರಾರು? ಅದರಲ್ಲಿಯೂ ಇರುವದು ರುಮಾಲು ಮತ್ತು ಕೋಟು. ೧೯೫೬ರ ನವಂಬರ ೧ಕ್ಕೆ ನಮ್ಮ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತಷ್ಟೆ. ಆ ಚಳಿಗಾಲದಲ್ಲಿಯೇ ನಮ್ಮ ತಂದೆಯವರಿಗೆ ಮಾಸ್ತರಿಕೆಯ ನೌಕರಿ ಸಿಕ್ಕು, ಬಾಗೇವಾಡಿಯ ಸಿಂಪಿಗನಿಂದ ಈ ಕರಿಯ ಕೋಟನ್ನು ಹೊಲಿಸಿದರು. ರಾಜ್ಯ ಬದಲಾದರೂ ರೂಢಿ ಬದಲಾಗಲಿಲ್ಲ. ನಿವೃತ್ತಿಯ ದಿನದ ವರೆಗೂ ಸಾಲೆಗೆ ಹೋದದ್ದು ಅದೇ ಕೋಟು. ವರ್ಷಕ್ಕೊಮ್ಮೆ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಬೆತ್ತದಿಂದ ಬಡಿದು, ಕಿಸೆಗಳನ್ನು ಹೊರಳಿಸಿ ಸೀಮೆಸುಣ್ಣದ ಪುಡಿಯನ್ನು ಕೊಡವುತ್ತಿದ್ದರು.

ಆ ಮನೆ ಈಗ ಕೃಷ್ಣೆಯ ನೀರಿನಲ್ಲಿದೆ. ಆಲಮಟ್ಟಿಯ ಅಣೆಕಟ್ಟಿಗೆ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟದ್ದು ೧೯೬೪ರಲ್ಲಿ, ೫೧೯.೬ ಮೀಟರಿನ ವರೆಗೆ ನೀರು ನಿಲ್ಲಿಸಲು ಸುಪ್ರೀಮ ಕೋರ್ಟು ಅನುಮತಿಯನ್ನು ಕೊಟ್ಟದ್ದು ೨೦೦೦ದಲ್ಲಿ. ಮರುವರ್ಷ ನಾವು ಪುನರ್ವಸತಿ ಕೇಂದ್ರದ ಹೊಸ ಮನೆಗೆ ಬಂದೆವು. ಊರವರೆಲ್ಲ ಬಾಗಿಲು, ತೊಲೆ, ಚಪ್ಪಡಿಗಲ್ಲುಗಳನ್ನು ಕಿತ್ತು ಗಾಡಿಗೆ ಹೇರುತ್ತಿದ್ದಾಗ ತಂದೆಯವರು ಗೂಟಗಳನ್ನು ಕೀಳುತ್ತ ಕೂತಿದ್ದರು. ಆರು ಇಡಿಯಾಗಿ ಬಂದವು. ಒಂದು ಗೋಡೆಯೊಳಗೇ ಮುರಿಯಿತು. ಮುರಿದದ್ದು ಯಾವದೆಂದು ಆಗ ಯಾರೂ ನೋಡಲಿಲ್ಲ. ಆರನ್ನೂ ಗೋಣಿಚೀಲದಲ್ಲಿ ಕಟ್ಟಿ ತಂದರು. ಹೊಸ ಮನೆಯ ಗೋಡೆಯೋ ಇಟ್ಟಿಗೆ-ಸಿಮೆಂಟಿನದು. ಜಾಲಿಯ ಗೂಟ ಅದರಲ್ಲಿ ಹೋಗುವ ಹಾಗಿಲ್ಲ. ಚೀಲವು ಅಟ್ಟವನ್ನು ಸೇರಿತು.

ಈ ಮನೆಯಲ್ಲಿ ತಲಬಾಗಿಲಿಗೂ ಪಡಸಾಲೆಗೂ ನಡುವೆ ನಾಲ್ಕು ಫೂಟು ಅಗಲದ ಒಂದು ಇಕ್ಕಟ್ಟಾದ ಹಾದಿಯುಂಟು. ಅದರ ಬದಿಗೆ ಗೋಡೆಯೊಳಗೆ ಮೂರು ಫೂಟು ಅಗಲದ ಒಂದು ಕಪಾಟು. ಅದರ ಆಳ ಹದಿನಾಲ್ಕೇ ಇಂಚು. ಒಳಗೆ ಎಡದಿಂದ ಬಲಕ್ಕೆ ಕಬ್ಬಿಣದ ಒಂದು ಸರಳು. ಕಟ್ಟಿದವನಿಗೆ ಕೋಟೆಂದರೇನೆಂದು ಗೊತ್ತಿದ್ದಿಲ್ಲವೆಂದೇ ಹೇಳಬೇಕು. ಕೋಟನ್ನು ಹ್ಯಾಂಗರಿಗೆ ತೂಗಿದರೆ ಹೆಗಲಿನಿಂದ ಹೆಗಲಿಗೆ ಹದಿನೆಂಟು ಇಂಚು ಬೇಕು. ತೋಳುಗಳಿಗೆ ಎಡೆ ಬಿಟ್ಟರೆ ಎರಡು ಫೂಟು ಆಳವಿಲ್ಲದೆ ಬಾಗಿಲು ಮುಚ್ಚುವದಿಲ್ಲ. ತಂದೆಯವರು ಬಂದ ದಿನವೇ ಕೋಟನ್ನು ಓರೆಯಾಗಿ ತೂಗಿದರು. ಬಾಗಿಲು ಎರಡು ಬೆರಳು ತೆರೆದೇ ಉಳಿಯಿತು. ೨೦೦೪ರಲ್ಲಿ ಅವರು ತೀರಿಕೊಂಡರು.

ಮುಂದಿನದು ನನ್ನ ಕೆಲಸ. ಕೋಟನ್ನು ಅವರ ಹಳೆಯ ಧೋತರದಲ್ಲಿ ಸುತ್ತಿ, ಕಿಸೆಯಲ್ಲಿ ನಾಲ್ಕು ನುಸಿಗುಳಿಗೆಗಳನ್ನು ಹಾಕಿ, ಸರಳಿನ ತುದಿಗೆ, ಮೂಲೆಗೆ ಒತ್ತಿ ತೂಗಿದೆನು. ಯಾರೂ ಮುಟ್ಟತಕ್ಕದ್ದಲ್ಲವೆಂದು ಹೇಳಿದೆನು. ಮುದ್ದೇಬಿಹಾಳದಲ್ಲಿರುವ ನಮ್ಮ ಅಕ್ಕನು ಮರುವರ್ಷ ಬಂದಾಗ, ತನ್ನ ಮಗನಿಗೂ ಮಾಸ್ತರಿಕೆ ಸಿಕ್ಕಿದೆ, ಅವನು ಮೊದಲ ದಿನ ಸಾಲೆಗೆ ಅಜ್ಜನ ಕೋಟು ತೊಟ್ಟು ಹೋಗಲಿ ಎಂದು ಕೇಳಿದಳು. ಅದು ಅಪ್ಪನ ನೆನಪಿನದು, ಮೈಮೇಲೆ ಹಾಕಿ ಹರಿಯುವದು ಬೇಡವೆಂದೆನು. ಅಕ್ಕ ಎರಡನೆಯ ಮಾತು ಆಡಲಿಲ್ಲ. ಆಗ ನನ್ನ ಮಾತು ನನಗೆ ಬಹಳ ಗಂಭೀರವಾಗಿಯೂ ಯೋಗ್ಯವಾಗಿಯೂ ತೋರಿತ್ತು.

ಮುಟ್ಟಬಾರದ ವಸ್ತುವಿನ ಮುಂದೆ ಉಳಿದದ್ದೆಲ್ಲ ಬಂದು ಬೀಳುವದು ಲೋಕರೂಢಿ. ಇಪ್ಪತ್ತು ವರ್ಷಗಳಲ್ಲಿ ಆ ಮೂರು ಫೂಟಿನಲ್ಲಿ ಸೇರಿದ್ದು ಇಷ್ಟು: ಕಡ್ಡಿ ಮುರಿದ ಮೂರು ಛತ್ರಿಗಳು (ನಮ್ಮ ಕಡೆಗೆ ಛತ್ರಿಯು ಮಳೆಗಿಂತ ಬಿಸಿಲಿಗೇ ಹೆಚ್ಚಾಗಿ ಬೇಕಾಗುವದು), ಮೊಮ್ಮಗನಿಗೆ ಸಣ್ಣದಾದ ಸಾಲೆಯ ಸ್ವೆಟರುಗಳು, ಯಾರದೆಂದು ತಿಳಿಯದ ಒಂದು ಮಳೆಯಂಗಿ, ಜೋಡಿಯಿಲ್ಲದ ಕಾಲ್ಮರಿಗಳು, ಲಗ್ನಪತ್ರಿಕೆಗಳ ಒಂದು ಗಂಟು, ಹಗೇವಿನ ಹಗ್ಗ. ದಿನಾಲು ಬೇಕಾಗುವ ಕಂಬಳಿ ಮಾತ್ರ ಅದರೊಳಗೆ ಹಿಡಿಯದೆ ಹೊರಗಿನ ಮೊಳೆಗೆ ತೂಗುತ್ತಿತ್ತು. ಬಂದವರ ಶಲ್ಯಗಳು ಖುರ್ಚಿಯ ಬೆನ್ನ ಮೇಲೆ. ಅಲ್ಲಿಂದ ಜಾರಿ ನೆಲದ ಮೇಲೆ.

ಸೊಸೆಯು ಹಬ್ಬಕ್ಕೆ ಸುಣ್ಣಬಣ್ಣದವರು ಬರುವದರೊಳಗೆ ಇದನ್ನು ಬರಿದು ಮಾಡಿರೆಂದಳು. ಮಾಡಿದೆನು. ಕೊನೆಗೆ ಮೂಲೆಯಲ್ಲಿ ಕೋಟು. ಧೋತರವನ್ನು ಬಿಚ್ಚಿ ಕೈಯಲ್ಲಿ ಹಿಡಿದಾಗ ಅದರ ತೂಕವೇ ಇದ್ದಿಲ್ಲ. ಕೊರಳಪಟ್ಟಿ, ಕಂಕುಳು, ತೋಳಿನ ತುದಿ ಜಾಳಿಗೆಯಾಗಿದ್ದವು. ಕೊಡವಿದರೆ ಬೂದಿಯಂಥ ಪುಡಿ ಉದುರಿತು. ಗುಳಿಗೆಗಳು ಎಂದೋ ಆವಿಯಾಗಿ ಹೋಗಿದ್ದವು.

ಬಟ್ಟೆಯನ್ನು ತಿನ್ನುವದು ಹಾರುವ ನುಸಿಯಲ್ಲ, ಅದರ ಮರಿಹುಳ. ಅದಕ್ಕೆ ಹತ್ತಿಯ ಬಟ್ಟೆ ಬೇಡ. ಉಣ್ಣೆ, ಕೂದಲು, ಗರಿ ಬೇಕು. ಬೆವರು, ಎಣ್ಣೆ ಹತ್ತಿದ ಉಣ್ಣೆಯಾದರೆ ಮತ್ತೂ ರುಚಿ. ಕೊರಳು, ಕಂಕುಳುಗಳಿಂದಲೇ ಅದು ಮೊದಲು ಮಾಡಿದ್ದೇಕೆಂದು ಇದರಿಂದ ತಿಳಿಯಬಹುದು. ಎಲ್ಲಕ್ಕೂ ಮಿಗಿಲಾಗಿ ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಯಾರೂ ಅಲುಗಿಸದ ತಾವು. ಬಿಸಿಲಿಗೆ ಹಾಕಿ ಬಡಿದರೆ ತತ್ತಿಗಳು ಉದುರುವವು, ಮರಿಗಳು ಸಾಯುವವು. ನುಸಿಗುಳಿಗೆಯಾದರೂ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಆವಿಯು ದಟ್ಟವಾಗಿ ನಿಂತರೆ ಮಾತ್ರ ಕೆಲಸ ಮಾಡುವದು. ಎರಡು ಬೆರಳು ತೆರೆದ ಬಾಗಿಲಿನ ಕಪಾಟಿನಲ್ಲಿ ಅದು ವಾಸನೆಯ ಸಮಾಧಾನವಷ್ಟೆ. ಎಳೆಗೂಸಿನ ಬಟ್ಟೆಯ ಸಂಗಡ ಅದನ್ನು ಇಡಲೇಬಾರದು. ಕೆಲವು ಕೂಸುಗಳ ರಕ್ತಕ್ಕೆ ಅದು ಕೇಡು ಮಾಡುವದುಂಟು. ಒಟ್ಟಿನಲ್ಲಿ ನುಸಿಯು ಏನೇನನ್ನು ಬಯಸುವದೋ ಅದನ್ನೆಲ್ಲ ನಾನು ಭಕ್ತಿಯಿಂದ ಒದಗಿಸಿಕೊಟ್ಟಿದ್ದೆನು.

ಹೊರಗಿನ ಮೊಳೆಯ ಕಂಬಳಿಯನ್ನು ನೋಡಿದೆನು. ಅದೂ ಉಣ್ಣೆಯೇ, ನಮ್ಮ ದಖನಿ ಕುರಿಯ ಒರಟು ಉಣ್ಣೆ. ಹಾಲುಮತದವರು ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಾಕಿ ನೇಯ್ದದ್ದು. ಬೆವರಿಗೆ, ಮಣ್ಣಿಗೆ ಅದರಲ್ಲಿ ಕೊರತೆಯಿಲ್ಲ. ಆದರೆ ದಿನಾಲು ಹೆಗಲೇರಿ ಹೊಲಕ್ಕೆ ಹೋಗುವದು, ಮಳೆ ಬಂದರೆ ಕೊಪ್ಪೆಯಾಗುವದು, ಬಿಸಿಲಿನಲ್ಲಿ ಬದುವಿನ ಮೇಲೆ ಬೀಳುವದು. ಅದರಲ್ಲಿ ಒಂದು ತೂತೂ ಇದ್ದಿಲ್ಲ.

ಅವ್ವನಿಗೆ ತಿಳಿಯಬಾರದೆಂದು ಕೋಟನ್ನು ಆ ರಾತ್ರಿ ನನ್ನ ಮಂಚದ ಕೆಳಗೆ ಇಟ್ಟೆನು. ಅವಳಿಗೆ ಈಗ ಕಣ್ಣು ಮಂಜು. ಆದರೂ ಬೆಳಿಗ್ಗೆ ಕೇಳಿಯೇ ಬಿಟ್ಟಳು: “ಎಲ್ಲಾ ಬಿಸಲಿಗಿ ಹಾಕೀರಿ, ಕೋಟ ಎಲ್ಲೈತೋ ತಮ್ಮಾ?” ತಂದು ತೊಡೆಯ ಮೇಲೆ ಇಟ್ಟೆನು. ಬೆರಳಿನಿಂದ ಕೊರಳಪಟ್ಟಿಯನ್ನು ಸವರಿದಳು, ತೋಳನ್ನು ಸವರಿದಳು. ಅಳುವಳೆಂದಿದ್ದೆ, ಅಳಲಿಲ್ಲ.

“ನುಸಿ ತಿಂದೈತಿ. ತಿನ್ನದ ಏನ ಮಾಡೀತು? ಒಂದಿನಾರ ನೀ ಇದನ್ನ ಹಾಕ್ಕೊಂಡಿಯೇನು? ಆ ಹುಡುಗಗರೆ ಕೊಟ್ಟಿಯೇನು?”

ಇಪ್ಪತ್ತು ವರ್ಷದ ಹಿಂದೆ ಅಕ್ಕ ಕೇಳಿದ್ದೂ ನಾನು ಒಲ್ಲೆನೆಂದದ್ದೂ ಅವಳಿಗೆ ಗೊತ್ತಿತ್ತೆಂದು ನನಗೆ ಅಂದೇ ತಿಳಿದದ್ದು.

ಮೇಲಿನ ಕೆಲಸಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಬಡಿಗನನ್ನು ಕರೆಯಿಸಿ ಕಪಾಟಿನ ಬಾಗಿಲನ್ನೂ ಸರಳನ್ನೂ ತೆಗೆಯಿಸಿದೆನು. ಅಟ್ಟದ ಗೋಣಿಚೀಲವನ್ನು ಇಳಿಸಿ, ಒಂದು ಸಾಗವಾನಿಯ ಹಲಗೆಗೆ ತೂತು ಕೊರೆಯಿಸಿ, ಆರು ಗೂಟಗಳನ್ನೂ ಅದರಲ್ಲಿ ಕೂಡಿಸಿ, ಹಲಗೆಯನ್ನು ಹಿಂದಿನ ಗೋಡೆಗೆ ಬಿಗಿಸಿದ್ದಾಯಿತು. ಗೂಟಕ್ಕೆ ತೂಗಿದ ಬಟ್ಟೆಗೆ ಹದಿನಾಲ್ಕು ಇಂಚು ಧಾರಾಳವಾಗಿ ಸಾಲುವದು. ಕೆಳಗೆ ಒಂದು ಚಪ್ಪಡಿ. ಅದರ ಮೇಲೆ ಕಾಲ್ಮರಿಗಳು, ಮೂಲೆಯಲ್ಲಿ ಎಣ್ಣೆಯ ಡಬ್ಬಿಯೊಂದರಲ್ಲಿ ಎರಡೇ ಛತ್ರಿ. ವಾರದಲ್ಲಿ ಒಮ್ಮೆಯೂ ಮನೆಯಿಂದ ಹೊರಬೀಳದ ಬಟ್ಟೆಗೆ ಅಲ್ಲಿ ಸ್ಥಳವಿಲ್ಲ. ಚಳಿಗಾಲದವೆಲ್ಲ ಬಿಸಿಲು ಕಂಡು, ಒಣಗಿದ ಬೇವಿನೆಲೆಯೊಡನೆ ಟ್ರಂಕಿಗೆ. ಬಾಗಿಲಿಲ್ಲದ ಕಪಾಟಿಗೆ ಧೂಳು ಬಡಿಯುವದೆಂದು ಸೊಸೆಯ ತಕರಾರು ಇನ್ನೂ ಇದೆ, ಮತ್ತು ಅದು ಸುಳ್ಳೂ ಅಲ್ಲ. ಡೋಣಿಯ ಸೀಮೆಯಲ್ಲಿ ಬೇಸಿಗೆಯ ಗಾಳಿಯನ್ನು ತಡೆಯುವ ಬಾಗಿಲನ್ನು ನಾನಂತೂ ಕಂಡಿಲ್ಲ.

ಐದು ಗೂಟಗಳು ಮನೆಯವರವು. ಅವುಗಳಲ್ಲಿ ಒಂದು ಕಂಬಳಿಯದು. ಆರನೆಯದನ್ನು ಬರಿದಾಗಿ ಬಿಟ್ಟಿದ್ದೇನೆ. ಮೊದಲಿನ ಏಳರಲ್ಲಿ ಇದು ಯಾವದಿತ್ತೋ, ಮುರಿದದ್ದು ಯಾವದೋ.

ಸಂಕ್ರಮಣಕ್ಕೆ ಅಕ್ಕ ಬಂದಳು. ಕೋಟಿನ ಸಂಗತಿಯನ್ನು ಹೇಗೆ ಹೇಳಬೇಕೆಂದು ಎರಡು ತಿಂಗಳು ಯೋಚಿಸಿದ್ದೆನು. ಕೊನೆಗೆ ಅದನ್ನು ಅವಳ ಕೈಯಲ್ಲಿ ಕೊಟ್ಟು ಸುಮ್ಮನೆ ನಿಂತೆನು. ಅಕ್ಕ ಬೆಳಕಿಗೆ ಹಿಡಿದು ನೋಡಿದಳು. ಬೆನ್ನಿನ ಭಾಗವೊಂದು ಗಟ್ಟಿಯಿತ್ತು, ಒಳಗಿನ ಅಸ್ತರು ಗಟ್ಟಿಯಿತ್ತು, ಐದು ಗುಂಡಿಗಳಲ್ಲಿ ನಾಲ್ಕು ಇದ್ದವು. “ಮೊಮ್ಮಗನಿಗೆ ಒಂದು ಜಾಕೀಟ ಆಗ್ತೈತಿ ನೋಡು,” ಎಂದಳು. ಮತ್ತೇನನ್ನೂ ಅನ್ನಲಿಲ್ಲ. ಮಡಿಸಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಬರುವಾಗ ಅವಳು ತನ್ನ ಶಾಲನ್ನು ಯಾರೂ ಹೇಳದೆಯೇ ಆರನೆಯ ಗೂಟಕ್ಕೆ ಹಾಕಿದ್ದಳು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಹಾದಿಗೆ ಬಂದು, ಗೂಟಗಳ ಮೇಲೆ ಒಂದೊಂದಾಗಿ ಕೈಯಾಡಿಸಿ, ಆ ಶಾಲನ್ನು ಹಿಡಿದು ನಿಂತು, ಒಳಗಿನ ಸೊಸೆಗೆ ಕೂಗಿ ಹೇಳಿದಳು: “ಇನ್ನ ಎರಡು ರೊಟ್ಟಿ ಹೆಚ್ಚಿಗಿ ಬಡೀ ಯವ್ವಾ.”